ಹೊಲದ ಅಕ್ಕಿ, ಮನೆಯ ಅಡಿಗೆ

ಪೇಟೆಯ ಅಂಗಡಿಗಳ ಫಲಕಗಳ ಮೇಲೆ, ಬೇಳೆಯ ಪೊಟ್ಟಣಗಳ ಮೇಲೆ, ಎಣ್ಣೆಯ ಸೀಸೆಗಳ ಮೇಲೆ ಈಗ ಎಲ್ಲೆಲ್ಲಿಯೂ ಕಣ್ಣಿಗೆ ಬೀಳುವ ಒಂದು ಮಾತೆಂದರೆ 'ಸಾವಯವ'. ಅವಯವಗಳಿಂದ ಕೂಡಿದ್ದು ಎಂಬುದು ಅದರ ಪದಶಃ ಅರ್ಥ. ವಿದ್ವಾಂಸರು ಒಳ್ಳೆಯ ಉದ್ದೇಶದಿಂದಲೇ ಈ ಪದವನ್ನು ತಂದಿರಬೇಕು. ಆದರೆ ಹೊಳೆನರಸೀಪುರದ ಕಡೆ ಒಕ್ಕಲುತನ ಮಾಡಿಕೊಂಡಿರುವ ನನ್ನ ತಮ್ಮ ಇದನ್ನು ಮೊದಲ ಸಲ ಕೇಳಿದಾಗ, "ಏನಕ್ಕ, ಸಾವಿನಿಂದ ಶುರುವಾಗೋ ಹೆಸರನ್ನ ಯಾರಕ್ಕ ಇಟ್ಟೋರು ಇದಕ್ಕೆ?" ಎಂದು ಕೇಳಿದ. ನಾನು ನಕ್ಕೆ. ಆಮೇಲೆ ಯೋಚಿಸಿದಾಗ ಅದು ನಗುವಷ್ಟು ಹಗುರವಾದ ಪ್ರಶ್ನೆಯಲ್ಲವೆಂದು ತೋರಿತು. ಏಕೆಂದರೆ ರಸಾಯನಶಾಸ್ತ್ರದವರೂ ಇದೇ ಮಾತನ್ನು ಬಳಸುತ್ತಾರೆ. ಇಂಗಾಲದ ಸಂಯುಕ್ತಗಳಲ್ಲಿ ಬಹುಪಾಲು ಅವರಿಗೆ ಸಾವಯವವೇ. ನನ್ನ ತಮ್ಮ ಹಿಂದೆ ತನ್ನ ಬೆಳೆಗೆ ಹೊಡೆಯುತ್ತಿದ್ದ ವಿಷ ಅವರ ಪಟ್ಟಿಯಲ್ಲಿ 'ಸಾವಯವ ರಂಜಕ'ದ ಕುಲಕ್ಕೆ ಸೇರಿದ್ದು. ಒಂದೇ ಹೆಸರಿನಲ್ಲಿ ರೋಗವೂ ಮದ್ದೂ ಕೂತಿರುವುದು ಕನ್ನಡಕ್ಕೆ ಹೊಸದೇನಲ್ಲ. ಹಳ್ಳಿಯಲ್ಲಿ ಹುಳುವಿನ ವಿಷಕ್ಕೆ 'ಔಷಧಿ' ಎಂದೇ ಹೆಸರು. ಔಷಧಿ ಹೊಡೆದೆ, ಔಷಧಿ ತಂದೆ ಎನ್ನುತ್ತಾರೆ. ಬದುಕು ಬೇಸರವಾಗಿ ಪ್ರಾಣ ಕಳೆದುಕೊಂಡವರನ್ನು ಕುರಿತು 'ಔಷಧಿ ಕುಡಿದುಬಿಟ್ಟ' ಎನ್ನುವಾಗಲೂ ಅದೇ ಮಾತು.

ನಾನು ಅಡಿಗೆಯ ವಿಷಯ ಮಾತನಾಡಲು ಬಂದವಳು. ಆದರೆ ನನ್ನ ಅಡಿಗೆಮನೆಯ ಬದಲಾವಣೆ ಒಲೆಯ ಮುಂದೆ ಆರಂಭವಾದುದಲ್ಲ, ಒಂದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಆರಂಭವಾದುದು. ಆದುದರಿಂದ ಅದನ್ನು ಮೊದಲು ಹೇಳಿಬಿಡಬೇಕು.

2011ರ ಮುಂಗಾರಿನಲ್ಲಿ ತಮ್ಮ ಮೆಣಸಿನಕಾಯಿ ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದ. ಮೂಗಿಗೆ ಬಟ್ಟೆಯಿರಲಿಲ್ಲ, ಗಾಳಿ ಎದುರಿನಿಂದ ಬೀಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕುಸಿದು ಕುಳಿತನಂತೆ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ವೈದ್ಯರು ನೋಡಿದ ಕೂಡಲೇ ಗುರುತಿಸಿ ಅಟ್ರೋಪಿನ್ ಚುಚ್ಚುಮದ್ದು ಕೊಟ್ಟರು. ಎರಡು ರಾತ್ರಿ ನಾನು ಪಕ್ಕದಲ್ಲಿದ್ದೆ. ನಮ್ಮ ನರಗಳು ಸ್ನಾಯುವಿಗೆ ಆಜ್ಞೆ ಕೊಟ್ಟ ಮೇಲೆ 'ಸಾಕು, ನಿಲ್ಲು' ಎಂದು ಹೇಳುವ ಒಂದು ಕಿಣ್ವ ದೇಹದಲ್ಲಿದೆಯಂತೆ. ಈ ವಿಷ ಆ ಕಿಣ್ವದ ಬಾಯಿ ಕಟ್ಟುತ್ತದೆ. ಆಗ ಆಜ್ಞೆ ನಿಲ್ಲುವುದೇ ಇಲ್ಲ. ಹುಳುವಿನ ಮೈಯಲ್ಲಿಯೂ ಇದೇ ಕಿಣ್ವವಿರುವುದರಿಂದ ಹುಳು ಸಾಯುತ್ತದೆ. ಮನುಷ್ಯನ ಗಾತ್ರ ದೊಡ್ಡದಾದ್ದರಿಂದ ಆತ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತಾನೆ. ತಮ್ಮ ಬದುಕಿಕೊಂಡ. ಆ ಮೆಣಸಿನಕಾಯಿ ಮಾತ್ರ ಅದೇ ವಾರ ಸಂತೆಗೆ ಹೋಯಿತು. ಯಾರ ಮನೆಯ ಒಗ್ಗರಣೆಗೆ ಬಿತ್ತೋ, ನನಗೆ ಗೊತ್ತಿಲ್ಲ.

ಊಟಕ್ಕೂ ವಿಷಕ್ಕೂ ಇರುವ ದೂರ ನಾವೆಣಿಸಿದಷ್ಟಿಲ್ಲ. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿ ನೂರಕ್ಕೂ ಹೆಚ್ಚು ಜನ ಸತ್ತರು. ಆಹಾರವನ್ನೂ ವಿಷವನ್ನೂ ಒಂದೇ ಹಡಗಿನಲ್ಲಿ ತುಂಬಿ ತಂದದ್ದು ಕಾರಣ. ಕೀಟನಾಶಕಗಳ ಮೇಲೆ ಹತೋಟಿಯಿಡುವ 1968ರ ಕಾಯಿದೆಗೆ ಹಿನ್ನೆಲೆಯಾಗಿದ್ದುದು ಈ ದುರಂತ. ಇನ್ನು ಕಾಸರಗೋಡಿನ ಗೇರು ತೋಟಗಳ ಮೇಲೆ, ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಕಥೆ ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ, ನನ್ನ ತಮ್ಮ ಬದುವಿನ ಮೇಲೆ ಕುಸಿದ ವರ್ಷವೇ.

ಬಾನುಲಿಯ ಮುಂದೆ ಕುಳಿತು ಇಷ್ಟೆಲ್ಲ ಹೇಳುವಾಗ ಬಾನುಲಿಯ ಪಾಲನ್ನೂ ಹೇಳದಿದ್ದರೆ ತಪ್ಪಾದೀತು. 1960ರ ದಶಕದಲ್ಲಿ ತಂಜಾವೂರಿನ ರೈತರು ಎ.ಡಿ.ಟಿ. 27 ಎಂಬ ಹೊಸ ಭತ್ತಕ್ಕೆ 'ರೇಡಿಯೋ ಭತ್ತ' ಎಂದೇ ಹೆಸರಿಟ್ಟಿದ್ದರು. ಅದರ ಬೇಸಾಯವನ್ನು ಅವರಿಗೆ ಕಲಿಸಿದ್ದು ರೇಡಿಯೋ. ಆ ಕಾಲದ ಹಸಿವು ದೊಡ್ಡದಿತ್ತು. ಹೊಸ ತಳಿ, ಹೊಸ ಗೊಬ್ಬರ ಆ ಹಸಿವಿಗೆ ಉತ್ತರವಾಗಿ ಬಂದವು ಎಂಬುದನ್ನು ಮರೆತು ಮಾತನಾಡುವವರ ಗುಂಪಿಗೆ ನಾನು ಸೇರಿದವಳಲ್ಲ.

ಅಂತೂ ತಮ್ಮ ಔಷಧಿ ಹೊಡೆಯುವುದನ್ನು ಬಿಟ್ಟ. ಮೊದಲ ಎರಡು ವರ್ಷ ಇಳುವರಿ ಬಿದ್ದುಹೋಯಿತು, ನೆರೆಯವರು ನಕ್ಕರು, ಮನೆಯಲ್ಲಿಯೂ ಮುಖಗಳು ಗಂಟಾದವು. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ಬೇವಿನ ಹಿಂಡಿ ಎಂದು ಓಡಾಡಿದ. ಮೂರನೆಯ ವರ್ಷ ಹಳೆಯ ರಾಜಮುಡಿ ಭತ್ತವನ್ನು ಹಾಕಿದ. ಹೊಳೆನರಸೀಪುರದ ಸೀಮೆಗೆ ರಾಜಮುಡಿ ಹಳೆಯ ನೆಂಟ; ಮೈಸೂರು ಅರಸರ ಮನೆಗೆ ಕಂದಾಯದ ಬದಲು ಸಲ್ಲುತ್ತಿತ್ತೆಂದು ಹೇಳುವವರುಂಟು. ಆ ಸುಗ್ಗಿಯಲ್ಲಿ ಐವತ್ತು ಕಿಲೋ ಅಕ್ಕಿ ಚೀಲದಲ್ಲಿ ಕಟ್ಟಿ ಮೈಸೂರಿಗೆ ತಂದು ನನ್ನ ಮನೆಯ ಬಾಗಿಲಲ್ಲಿ ಇಳಿಸಿದ. ಕೆಂಪು ಬಿಳಿ ಬೆರೆತ ಕಾಳು, ಮೇಲೆ ತೌಡಿನ ಮಬ್ಬು. "ನೀನು ಉಂಡು ನೋಡಿ ಹೇಳಕ್ಕ" ಎಂದ.

ನಾನು ಉಂಡು ಹೇಳಬೇಕಾದುದೇನು? ದಿನವೂ ಮಾಡುವಂತೆ ತೊಳೆದು, ಒಂದಕ್ಕೆ ಎರಡು ನೀರಿಟ್ಟು, ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದೆ. ಅನ್ನ ಚರೆಯ ಗುಂಡಿನಂತೆ ತಟ್ಟೆಯಲ್ಲಿ ಉರುಳಿತು. ಮಕ್ಕಳು ಬದಿಗೆ ಸರಿಸಿದರು. ಯಜಮಾನರು ಏನೂ ಅನ್ನಲಿಲ್ಲ, ಮಜ್ಜಿಗೆಗೆ ಬೇರೆ ಅನ್ನವಿದೆಯೇ ಎಂದು ಮಾತ್ರ ಕೇಳಿದರು. ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಣ್ಣೀರು ಹಾಕಿದವಳು ಆ ಅಕ್ಕಿಯ ಚೀಲವನ್ನು ಮಂಚದ ಕೆಳಗೆ ತಳ್ಳಿ, ಮೂರು ತಿಂಗಳು ಮುಟ್ಟಲಿಲ್ಲವೆಂದರೆ ನಂಬುತ್ತೀರಾ? ತಮ್ಮ ಫೋನು ಮಾಡಿದಾಗಲೆಲ್ಲ "ಚೆನ್ನಾಗಿದೆ ಕಣಪ್ಪ" ಎಂದು ಸುಳ್ಳು ಹೇಳಿದೆ. ಕೊನೆಗೆ ಚೀಲ ಬಿಚ್ಚಿದಾಗ ಸೊಂಡಿಲ ಹುಳು ಹರಿದಾಡುತ್ತಿದ್ದವು.

ತಪ್ಪು ಅಕ್ಕಿಯದಲ್ಲ, ನನ್ನದು ಎಂಬುದು ತಿಳಿಯಲು ಊರಿಗೆ ಹೋಗಬೇಕಾಯಿತು. ಅಕ್ಕಿಯ ಕಾಳಿನ ಮೇಲೆ ತೌಡಿನ ತೆಳು ಪದರವಿದೆ. ಅದು ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಪೂರ್ತಿ ಪಾಲಿಷ್ ಮಾಡಿದ ಅಕ್ಕಿಗೆ ಆ ಹೊದಿಕೆಯೇ ಇಲ್ಲದ್ದರಿಂದ ಅದು ಕರೆದ ಕೂಡಲೇ ಬರುವ ಆಳಿನಂತೆ ಬೇಯುತ್ತದೆ. ತೌಡಿರುವ ಅಕ್ಕಿಯನ್ನು ಕನಿಷ್ಠ ಒಂದು ಗಂಟೆ, ತೌಡು ಪೂರ್ತಿ ಇದ್ದರೆ ಇನ್ನೂ ಹೆಚ್ಚು ಹೊತ್ತು ನೆನೆಸಬೇಕು. ಒಂದಕ್ಕೆ ಮೂರರಷ್ಟು ನೀರಿಡಬೇಕು. ಕುದಿ ಬಂದ ಮೇಲೆ ಉರಿ ತಗ್ಗಿಸಿ ಕಾಯಬೇಕು. ಊರಿನಲ್ಲಿ ತಮ್ಮನ ಹೆಂಡತಿ ಬೆಳಿಗ್ಗೆ ಕಸ ಗುಡಿಸುವ ಮುಂಚೆ ಅಕ್ಕಿ ನೆನೆಹಾಕುತ್ತಿದ್ದಳು. ಅಲ್ಲಿ ಅದೇ ಅಕ್ಕಿ ಅರಳಿ ಮೆತ್ತಗಾಗಿ, ಮಾಳಿಗೆಯ ತನಕ ಪರಿಮಳ ಹಬ್ಬಿಸುತ್ತಿತ್ತು. ಸಮಯವೆಂಬುದು ಅಡಿಗೆಯ ಒಂದು ಸಾಮಗ್ರಿ ಎಂಬುದನ್ನು ನಾವು ಪೇಟೆಯವರು ಮರೆತಿದ್ದೆವು.

ತೌಡಿನ ಮಹಿಮೆ ಲೋಕಕ್ಕೆ ತಿಳಿದದ್ದು ಒಂದು ಆಸ್ಪತ್ರೆಯ ಅಡಿಗೆಮನೆಯ ಹಿತ್ತಿಲಿನಲ್ಲಿ ಎಂದರೆ ಆಶ್ಚರ್ಯವಾಗಬಹುದು. 1890ರ ಸುಮಾರಿಗೆ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗದ ಮೂಲ ಹುಡುಕುತ್ತಿದ್ದ. ಆತನ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ಬಿದ್ದುಹೋದವು, ಆಮೇಲೆ ತಾವಾಗಿಯೇ ಸರಿಹೋದವು. ವಿಚಾರಿಸಿದರೆ, ಕೋಳಿಗಳಿಗೆ ಆಸ್ಪತ್ರೆಯ ಮಿಕ್ಕ ಬಿಳಿ ಅನ್ನವನ್ನು ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು, ಸೈನ್ಯದ ಅನ್ನವನ್ನು ಹೊರಗಿನ ಕೋಳಿಗಳಿಗೆ ಹಾಕಲಾರೆನೆಂದು ನಿಲ್ಲಿಸಿಬಿಟ್ಟಿದ್ದ. ಒಬ್ಬ ಅಡಿಗೆಯವನ ಜಿಪುಣತನದಿಂದ ಜೀವಸತ್ವದ ಬಾಗಿಲು ತೆರೆಯಿತು. ಐಕ್ಮನನಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಡಿಗೆಯವನ ಹೆಸರು ಪ್ರಶಸ್ತಿಯಲ್ಲಿಲ್ಲ. ತೌಡಿನಲ್ಲಿ ಎಣ್ಣೆಯಂಶವೂ ಇರುವುದರಿಂದ ಈ ಅಕ್ಕಿ ಬೇಗ ಕಮಟುತ್ತದೆ. ತಿಂಗಳು ಎರಡು ತಿಂಗಳಿಗೆ ಸಾಕಾಗುವಷ್ಟನ್ನೇ ಮಿಲ್ಲು ಮಾಡಿಸಿಕೊಂಡು, ಮಿಕ್ಕುದನ್ನು ಭತ್ತವಾಗಿಯೇ ಇಡುವುದು ಜಾಣತನ.

ಹುಳುವಿನ ಮಾತು ಬಂತು. ವಿಷವಿಲ್ಲದ ಧಾನ್ಯದಲ್ಲಿ ಹುಳು ಬಂದಾಗ ಗಾಬರಿಯಾಗುವುದು ಬೇಡ. ಅದರ ಮೊಟ್ಟೆ ಎಷ್ಟೋ ವೇಳೆ ಹೊಲದಿಂದ, ಕಣಜದಿಂದ ಕಾಳಿನೊಳಗೆ ಕುಳಿತೇ ಬಂದಿರುತ್ತದೆ. ಬೇಳೆಕಾಳುಗಳನ್ನು ಒಳ್ಳೆಯ ಬಿಸಿಲಿಗೆ ಹರವಬೇಕು. ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬಾರದು, ಕಾಳು ಸೀಳಿ ನುಚ್ಚಾಗುತ್ತದೆ. ಅದಕ್ಕೆ ನೆರಳಿನ ಗಾಳಿ ಸಾಕು. ಒಣಗಿದ ಬೇವಿನ ಸೊಪ್ಪು, ಬಜೆಯ ಬೇರು, ನಾಲ್ಕು ಒಣಮೆಣಸಿನಕಾಯಿ ಡಬ್ಬಿಯಲ್ಲಿರಲಿ. ತೊಗರಿಬೇಳೆಗೆ ಹರಳೆಣ್ಣೆ ಸವರಿಡುವುದು ನಮ್ಮ ಅತ್ತೆಯವರ ಪದ್ಧತಿ. ಈ ವಿಷಯದಲ್ಲಿ ರಾಗಿಯಷ್ಟು ಗಟ್ಟಿಗಿತ್ತಿ ಯಾರೂ ಇಲ್ಲ. ಸಣ್ಣ ಕಾಳಾದ್ದರಿಂದ ಹುಳುವಿಗೆ ಒಳಗೆ ಮನೆ ಮಾಡಲು ಜಾಗವೇ ಸಾಲದು. ಹಗೇವಿನಲ್ಲಿ ನೆಲದಡಿ ವರ್ಷಗಟ್ಟಲೆ ಇದ್ದು, ಬರಗಾಲದಲ್ಲಿ ಊರನ್ನು ಸಾಕಿದ್ದು ಅದೇ.

ಬೇಳೆಯ ವಿಷಯದಲ್ಲಿ ಕಣ್ಣಿಗೆ ಹೊಸ ಪಾಠ ಬೇಕು. ಅಂಗಡಿಯ ಬೇಳೆ ಕನ್ನಡಿಯಂತೆ ಹೊಳೆಯುವುದು ಎಣ್ಣೆಯನ್ನೋ ನೀರನ್ನೋ ಸವರಿ ಉಜ್ಜಿದ್ದರಿಂದ. ಕೆಮ್ಮಣ್ಣು ಕಟ್ಟಿ ಒಣಗಿಸಿ ಒಡೆದ ತೊಗರಿ ಮಂಕಾಗಿರುತ್ತದೆ, ಅಲ್ಲಲ್ಲಿ ಸಿಪ್ಪೆಯ ಚೂರಿರುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿದರೆ ತೊವ್ವೆಗೆ ಅದಕ್ಕಿಂತ ರುಚಿಯಾದ ಬೇಳೆಯಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಮಾತ್ರ ಎಂಥ ಬೇಳೆಯೂ ಮೊಂಡಾಟ ಮಾಡುತ್ತದೆ. ಬೇಳೆ ಮೆತ್ತಗಾಗುವ ತನಕ ಹುಣಸೆಹುಳಿ ಹಾಕಬಾರದೆಂದು ಅಮ್ಮ ಹೇಳುತ್ತಿದ್ದುದು ಮಡಿಯ ಮಾತಲ್ಲ, ಹುಳಿ ಬೇಳೆಯನ್ನು ಬಿಗಿಯುತ್ತದೆ.

ಬೆಲ್ಲದಲ್ಲಿ ನಾನು ಪೂರ್ತಿ ಸೋತೆ. ಆಲೆಮನೆಯಲ್ಲಿ ಬೆಲ್ಲದ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ಬಿಳುಪುಕಾರಕ ಹಾಕುವುದುಂಟು; ಹಾಗೆ ಹಳದಿಯಾದ ಬೆಲ್ಲ ಕೆಲವು ವಾರಗಳಲ್ಲಿ ತನ್ನ ನಿಜವಾದ ಬಣ್ಣಕ್ಕೆ ಇಳಿಯುತ್ತದೆ. ಹಳೆಯ ಕ್ರಮದಲ್ಲಿ ಬೆಂಡೆಗಿಡದ ಕಾಂಡದ ಲೋಳೆ, ಸುಣ್ಣದ ತಿಳಿ ಇಷ್ಟರಿಂದಲೇ ಕಬ್ಬಿನಹಾಲಿನ ಕಸ ಮೇಲೆ ಬರುತ್ತದೆ. ಆ ಬೆಲ್ಲ ಕಪ್ಪು ಬೆರೆತ ಕಂದು ಬಣ್ಣದ್ದು. ಯುಗಾದಿಯ ದಿನ ಅದನ್ನು ಕುದಿಯುವ ಹಾಲಿನ ಪಾಯಸಕ್ಕೆ ಹಾಕಿದೆ, ನೆಂಟರ ಎದುರಿನಲ್ಲೇ ಹಾಲು ಒಡೆಯಿತು. ಬೆಲ್ಲದಲ್ಲಿರುವ ತುಸು ಹುಳಿಯಂಶ ಮತ್ತು ಲವಣ ಬಿಸಿಹಾಲಿಗೆ ಆಗುವುದಿಲ್ಲ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಪಾಯಸ ಇಳಿಸಿ ಬಿಸಿ ಆರಿದ ಮೇಲೆ ಬೆರೆಸಬೇಕು; ಇಲ್ಲವಾದರೆ ಕಾಯಿಹಾಲಿನ ಪಾಯಸವನ್ನೇ ಮಾಡಬೇಕು. ನಮ್ಮ ಹಿರಿಯರು ಹಬ್ಬಕ್ಕೆ ಕಾಯಿಹಾಲನ್ನೇ ಏಕೆ ಹಿಂಡುತ್ತಿದ್ದರೆಂದು ಅಂದು ತಿಳಿಯಿತು.

ಗಾಣದ ಎಣ್ಣೆಯನ್ನು ಕುರಿತು ಎರಡೇ ಮಾತು. ಅದು ಕಾಯುವಾಗ ನೊರೆ ಬರುತ್ತದೆ, ಒಗ್ಗರಣೆಗೆ ಸೊಗಸು, ಮತ್ತೆ ಮತ್ತೆ ಕರಿಯುವುದಕ್ಕೆ ತಕ್ಕುದಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಭಯಂಕರ ವಿಷ ಹುಟ್ಟುತ್ತದೆ. ಅದನ್ನು ಯಾವ ಕಾರ್ಖಾನೆಯೂ ಮಾಡಿದ್ದಲ್ಲ, ಪ್ರಕೃತಿಯೇ ಮಾಡಿದ್ದು. ಸಹಜವಾದುದೆಲ್ಲ ಅಮೃತವೆಂದು ನಂಬುವವರು ಇದನ್ನು ನೆನಪಿಡಬೇಕು. ಹಾಗೆಯೇ ಸಗಣಿ ಗೊಬ್ಬರದಲ್ಲಿ ಬೆಳೆದ ಸೊಪ್ಪು ತರಕಾರಿಯನ್ನೂ ಚೆನ್ನಾಗಿ ತೊಳೆಯಲೇಬೇಕು. ತೊಳೆದರೆ ಮಣ್ಣು ಹೋಗುತ್ತದೆ, ಸಿಪ್ಪೆಯ ಮೇಲಿನ ವಿಷವೂ ಬಹುಪಾಲು ಹೋದೀತು; ಗಿಡವೇ ಹೀರಿಕೊಂಡು ಮೈಯಲ್ಲೆಲ್ಲ ಹರಡಿಸಿಕೊಂಡ ವಿಷ ಯಾವ ನೀರಿಗೂ ಹೋಗುವುದಿಲ್ಲ.

ಇನ್ನು ನನಗೆ ಬಹಳ ಪ್ರಿಯವಾದ ವಿಷಯಕ್ಕೆ ಬರುತ್ತೇನೆ: ಬೆರಕೆ ಸೊಪ್ಪು. ಹಳೆಯ ಮೈಸೂರಿನ ಸೀಮೆಯಲ್ಲಿ ಇದನ್ನು ತಿಳಿಯದವರಿಲ್ಲ. ನಾನು ಹುಡುಗಿಯಾಗಿದ್ದಾಗ, ಮಳೆ ಬಿದ್ದು ರಾಗಿಯ ಪೈರು ಗೇಣುದ್ದವಾದಾಗ, ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಅಣ್ಣೆ, ಕನ್ನೆ, ಗಣಿಕೆ, ಗೋಣಿ, ಹೊನಗೊನೆ, ಕಿರುಕೀರೆ, ಜೊತೆಗೆ ಬೇಲಿಯ ನುಗ್ಗೆಯ ಚಿಗುರು. ಯಾರೂ ಬಿತ್ತಿದ್ದಲ್ಲ, ಯಾರೂ ನೀರೆರೆದದ್ದಲ್ಲ. ಯಾವ ಸೊಪ್ಪು ಎಷ್ಟು ಎಂಬುದರಲ್ಲಿಯೇ ವಿದ್ಯೆಯಿತ್ತು: ಕಹಿಯಿರುವುದು ಒಂದು ಹಿಡಿ, ಲೋಳೆಯಿರುವುದು ಒಂದು ಹಿಡಿ, ಹುಳಿಯಿರುವುದು ಚೂರು, ಮಿಕ್ಕುದು ಸಪ್ಪೆ. ತೊಗರಿಬೇಳೆಯನ್ನೋ ಅಲಸಂದೆಯನ್ನೋ ಬೇಯಲಿಟ್ಟು, ಅರೆಬೆಂದಾಗ ಸೊಪ್ಪು ಹಾಕಿ, ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ ರುಬ್ಬಿ ಸೇರಿಸಿದರೆ ಬಸ್ಸಾರು. ಉಳಿದ ಸೊಪ್ಪು ಪಲ್ಯ. ಬಸಿಯದೆ ಮಂತಿನಲ್ಲಿ ಮಸೆದರೆ ಮಸ್ಸೊಪ್ಪು. ಪಕ್ಕದಲ್ಲಿ ಬಿಸಿ ಮುದ್ದೆ. ಟೊಮೇಟೊ ಕಾಣದ ಈ ಅಡಿಗೆಯನ್ನು ಉಂಡವರು ಹುಳಿಗೆ ಏನು ಮಾಡಿದಿರಿ ಎಂದು ಕೇಳಿದ್ದನ್ನು ನಾನು ಕೇಳಿಲ್ಲ.

ಈ ಸೊಪ್ಪುಗಳಿಗೆ ಕೃಷಿಯ ಪುಸ್ತಕದಲ್ಲಿ ಇರುವ ಹೆಸರು 'ಕಳೆ'. ಕಳೆನಾಶಕ ಹೊಡೆದ ಹೊಲದಲ್ಲಿ ಅವು ಹುಟ್ಟುವುದಿಲ್ಲ. ಹುಟ್ಟಿದರೂ ತರಲು ಧೈರ್ಯ ಸಾಲದು. ಒಂದು ಸೀಸೆ ನೀರು ನಾಲ್ಕು ಹೆಣ್ಣಾಳುಗಳ ಕೂಲಿಯನ್ನು ಉಳಿಸಿತು ಎಂದು ಲೆಕ್ಕ ಬರೆಯುವವರು, ಅದೇ ನಾಲ್ವರ ಮಡಿಲಿನ ಸೊಪ್ಪನ್ನೂ ಅದೇ ಸೀಸೆ ಕಿತ್ತುಕೊಂಡಿತು ಎಂಬುದನ್ನು ಲೆಕ್ಕದಲ್ಲಿ ಸೇರಿಸುವುದಿಲ್ಲ. ಆ ನಾಲ್ವರಲ್ಲಿ ಹೊಲವಿಲ್ಲದವರೇ ಹೆಚ್ಚು. ಅವರ ಮನೆಯ ಸಾರು ಪರರ ಹೊಲದಲ್ಲಿ ಬೆಳೆಯುತ್ತಿತ್ತು. ಪೇಟೆಯಲ್ಲಿ ಈಗ ಬೆರಕೆ ಸೊಪ್ಪು ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ, ನಿಜ. ಆರಿಸುವಾಗ ಸೊಪ್ಪಿನ ಗುರುತು ಬಲ್ಲವರನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಇಷ್ಟಾದ ಮೇಲೆ ನೀವು ಕೇಳುವಿರಿ, ಇದರಿಂದ ಆರೋಗ್ಯಕ್ಕೆ ಲಾಭವೆಷ್ಟು ಎಂದು. 1926ರಲ್ಲಿಯೇ ಮೆಕ್ಯಾರಿಸನ್ ಮತ್ತು ವಿಶ್ವನಾಥ್ ಎಂಬ ವಿಜ್ಞಾನಿಗಳು, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಕಿರುಧಾನ್ಯ ಮತ್ತು ಗೋಧಿ ಹೆಚ್ಚು ಪುಷ್ಟಿಕರವೆಂದು ಬರೆದರು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಜೀವಸತ್ವಗಳಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ, ಕೀಟನಾಶಕದ ಶೇಷ ಮಾತ್ರ ಕಡಿಮೆ ಎಂದರು. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನವರು, ಇಲ್ಲ, ಕೆಲವು ಉಪಯುಕ್ತ ಅಂಶಗಳು ಹೆಚ್ಚಿವೆ ಎಂದರು. ಪಂಡಿತರು ಜಗಳವಾಡಲಿ. ಉಣ್ಣುವವನಿಗೆ ಎಷ್ಟು ಲಾಭವೋ ಕಾಣೆ. ಹೊಡೆಯುವವನಿಗೆ ಆಗುವ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಅಷ್ಟು ಸಾಕು.

ಬೆಲೆಯ ಮಾತು ಕಷ್ಟದ್ದು. ಅಂಗಡಿಯಲ್ಲಿ ಈ ಪದಾರ್ಥಗಳಿಗೆ ಒಂದೂವರೆ ಪಾಲು, ಕೆಲವೊಮ್ಮೆ ಎರಡು ಪಾಲು ಬೆಲೆ. ಪಡಿತರದ ಅಕ್ಕಿಯಲ್ಲಿ ದಿನ ದೂಡುವ ಮನೆಗೆ ಹೋಗಿ ಇದನ್ನು ಉಪದೇಶಿಸುವಷ್ಟು ನಿರ್ದಯೆ ನನಗಿಲ್ಲ. ಬೆಲೆ ಕೊಟ್ಟೂ ಮೋಸಹೋಗುವ ಭಯ ಬೇರೆ. ಸರ್ಕಾರದ ದೃಢೀಕರಣದ ವ್ಯವಸ್ಥೆ 2001ರಿಂದ ಇದೆ. ವಾರ್ಷಿಕ ಬೆಳೆಯ ಹೊಲವಾದರೆ ಎರಡು ವರ್ಷ, ತೋಟವಾದರೆ ಮೂರು ವರ್ಷ ಶುದ್ಧವಾಗಿ ಕಾಯಬೇಕು. ಆ ಖರ್ಚನ್ನು ತಡೆಯಲಾರದ ಸಣ್ಣ ರೈತರಿಗೆ, ಒಬ್ಬರಿಗೊಬ್ಬರು ಜಾಮೀನಾಗುವ ಇನ್ನೊಂದು ಪದ್ಧತಿ 2011ರಲ್ಲಿ ಬಂತು. ಕರ್ನಾಟಕವಂತೂ 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ರಾಜ್ಯ. ಮುದ್ರೆಗಳು ಇರಲಿ, ಬೇಕು. ಆದರೆ ಬೆಳೆಯುವವನ ಮುಖ ಗೊತ್ತಿರುವುದು ನನ್ನ ಮಟ್ಟಿಗೆ ದೊಡ್ಡ ಮುದ್ರೆ.

ಹೋದ ತಿಂಗಳು ತಮ್ಮನ ಮಗ ಫೋನು ಮಾಡಿದ್ದ. ಈಗ ಬೇಸಾಯ ಅವನ ಕೈಗೆ ಬಂದಿದೆ. "ಅತ್ತೆ, ಕಳೆ ತೆಗೆಯೋಕೆ ಆಳು ಸಿಗ್ತಿಲ್ಲ. ಈ ಒಂದು ಸಲ ಹೊಡೆದುಬಿಡ್ಲಾ? ಅಪ್ಪಂಗೆ ಹೇಳ್ಬೇಡಿ" ಎಂದ. ನಾನು ತಕ್ಷಣ ಉತ್ತರ ಹೇಳಲಿಲ್ಲ. ತಂಪಾದ ಕೋಣೆಯಲ್ಲಿ ಕುಳಿತು ಬೇಡವೆನ್ನಲು ನನಗೇನು ಅಧಿಕಾರ? ಎರಡು ಸಲ ಕಳೆ ಕೀಳಿಸಲು ಎಷ್ಟು ಬೇಕು ಎಂದು ಕೇಳಿ, ಗುರುತು ಹಾಕಿಕೊಂಡು, ನಮ್ಮ ಬೀದಿಯ ಐದು ಮನೆಗಳ ಕದ ತಟ್ಟಿದೆ. ಸುಗ್ಗಿಯ ಅಕ್ಕಿಗೆ ಈಗಲೇ ಮುಂಗಡ ಕೊಡುವಿರಾ ಎಂದು ಕೇಳಿದೆ. ನಾಲ್ಕು ಮನೆಯವರು ಒಪ್ಪಿದರು; ಅವರ ಹಣವನ್ನೂ ನನ್ನದನ್ನೂ ಸೇರಿಸಿ ಕಳುಹಿಸಿದ್ದೇನೆ. ಮೊದಲ ಕಳೆ ಮುಗಿಯಿತೆಂದು, ಹೆಂಗಸರು ಅಣ್ಣೆಸೊಪ್ಪು ಕೊಂಡೊಯ್ದರೆಂದು ಹುಡುಗ ತಿಳಿಸಿದ. ಐದನೆಯ ಮನೆಯಾಕೆ ಮಾತ್ರ, "ಅಕ್ಕಿ ಬೆಳ್ಳಗಿರುತ್ತಾ?" ಎಂದು ಕೇಳಿದರು. ಅವರನ್ನು ಬರುವ ಭಾನುವಾರ ಊಟಕ್ಕೆ ಕರೆದಿದ್ದೇನೆ. ಅಕ್ಕಿಯನ್ನು ಬೆಳಿಗ್ಗೆಯೇ ನೆನೆಹಾಕಬೇಕು.